ಗಾಳಿದೋಣಿ ಮೆಲ್ಲಗೆ ಸೋರುತ್ತಿದ್ದರೆ ಎಲ್ಲಿ ಹುಡುಕಬೇಕು?

ಗಾಳಿ ತುಂಬುವ ಕಯಾಕ್‌ಗೆ (ಹುಟ್ಟು ಹಾಕಿ ಸಾಗುವ ಸಣ್ಣ ದೋಣಿ) ದೊಡ್ಡ ತೂತಾದರೆ ಹುಡುಕುವ ಕೆಲಸವೇ ಇಲ್ಲ, ಸುಂಯ್ ಎಂಬ ಸದ್ದೇ ಜಾಗ ತೋರಿಸುತ್ತದೆ. ಕಾಡುವುದು ಮೆಲ್ಲಗೆ ಸೋರುವ ಗಾಳಿ. ತದಡಿ ಕಡೆಯಿಂದ ಉಬ್ಬರದ ಜೊತೆ ಅಘನಾಶಿನಿಯಲ್ಲಿ ಮೇಲಕ್ಕೆ ಹೋಗುವಾಗ ಗಟ್ಟಿಯಿದ್ದ ದೋಣಿ, ಮರಳುವ ಹೊತ್ತಿಗೆ ನಡುವೆ ಬಾಗಿರುತ್ತದೆ. ಎಷ್ಟು ಹುಟ್ಟು ಹಾಕಿದರೂ ಮುಂದೆ ಸಾಗುವುದಿಲ್ಲ. ಕುಮಟಾದಲ್ಲಿ ನನ್ನ ದೋಣಿಯನ್ನೂ ಗೆಳೆಯರ ದೋಣಿಗಳನ್ನೂ ನಾನೇ ರಿಪೇರಿ ಮಾಡುತ್ತಾ ಬಂದಿದ್ದೇನೆ. ಅಂಟಿನ ಡಬ್ಬಿ ತೆರೆಯುವ ಕೆಲಸ ಯಾವಾಗಲೂ ಕೊನೆಯದು.

ಮೊದಲು, ಅದು ಸೋರಿಕೆಯೇ ಹೌದೋ ಎಂದು ಖಚಿತ ಮಾಡಿಕೊಳ್ಳಬೇಕು. ಬಿಸಿಲಲ್ಲಿ 40 ಡಿಗ್ರಿಗೆ ಕಾದ ಗಾಳಿ ನದಿ ನೀರಿಗಿಳಿದು 30 ಡಿಗ್ರಿಗೆ ಬಂದರೆ, 3 ಪಿಎಸ್‌ಐ (ಒತ್ತಡದ ಅಳತೆ) ತುಂಬಿದ್ದು ಲೆಕ್ಕದ ಪ್ರಕಾರ ಸುಮಾರು ಎರಡೂವರೆಗೆ ಇಳಿಯುತ್ತದೆ. ಒಂದು ಹನಿ ಗಾಳಿಯೂ ಹೊರಗೆ ಹೋಗಿರುವುದಿಲ್ಲ. ಹಾಗಾಗಿ ನಾನು ದೋಣಿಯನ್ನು ನೆರಳಲ್ಲಿಟ್ಟು, ಬೆಳಗಿನ ಜಾವ ಒತ್ತಡ ಅಳೆದು, ಮರುದಿನ ಅದೇ ಹೊತ್ತಿಗೆ ಮತ್ತೆ ಅಳೆಯುತ್ತೇನೆ. ತಂಪು ಅಷ್ಟೇ ಇದ್ದೂ ಒತ್ತಡ ಕಡಿಮೆಯಾಗಿದ್ದರೆ ಮಾತ್ರ ಮುಂದಿನ ಕೆಲಸ. ಇದರ ಉಲ್ಟಾ ಇನ್ನೂ ಅಪಾಯ: ನೀರಲ್ಲಿ ಗಟ್ಟಿಯಾಗಿ ತುಂಬಿದ ದೋಣಿಯನ್ನು ದಡಕ್ಕೆ ಎಳೆದು ಬಿಸಿಲಿಗೆ ಬಿಟ್ಟರೆ ಜೋಡಣೆಯೇ ಬಿಚ್ಚಿಕೊಳ್ಳಬಹುದು. ದಡ ಮುಟ್ಟಿದ ಕೂಡಲೇ ಸ್ವಲ್ಪ ಗಾಳಿ ಬಿಡಿ.

ಆಮೇಲೆ ವಾಲ್ವ್, ಅಂದರೆ ಗಾಳಿ ತುಂಬುವ ಬಾಯಿ. ನಮ್ಮ ಕಡಲತೀರದಲ್ಲಿ ಮೊದಲ ಗುಮಾನಿ ಯಾವತ್ತೂ ಅದರ ಮೇಲೆಯೇ. ಒಳಗಿನ ರಬ್ಬರ್ ಬಿಲ್ಲೆಯ ಕೆಳಗೆ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡರೂ, ಉಪ್ಪು ಹರಳುಗಟ್ಟಿದರೂ ಗಾಳಿ ನಿಲ್ಲುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಬೆರೆಸಿ (ಅಂಟುವಾಳದ ನೊರೆಯೂ ನಡೆಯುತ್ತದೆ) ಮೆತ್ತನೆಯ ಬ್ರಷ್‌ನಿಂದ ವಾಲ್ವ್ ಮೇಲೆ ಸವರಿ, ಕಾಯಬೇಕು. ಸಣ್ಣ ಸೋರಿಕೆ ಥಟ್ಟನೆ ಗುಳ್ಳೆ ಎಬ್ಬಿಸುವುದಿಲ್ಲ. ಒಂದೆರಡು ನಿಮಿಷದ ಮೇಲೆ ಸಾಸಿವೆ ಕಾಳಿನಂಥ ಬಿಳಿ ನೊರೆ ಒಂದೇ ಕಡೆ ಗುಂಪುಗಟ್ಟುತ್ತದೆ. ಅದು ವಾಲ್ವ್‌ನ ನಡುವೆ ಬಂದರೆ ಬಿಲ್ಲೆಯ ದೋಷ: ಗುಂಡಿ ಒತ್ತಿ ಗಾಳಿಯನ್ನು ಜೋರಾಗಿ ಬಿಡಿ, ಸಿಹಿನೀರಿನಿಂದ ತೊಳೆಯಿರಿ, ಒಣಗಿಸಿ ಮತ್ತೆ ತುಂಬಿ. ನೊರೆ ವಾಲ್ವ್‌ನ ಸುತ್ತ ಉಂಗುರದ ಹಾಗೆ ಬಂದರೆ, ಬಟ್ಟೆಯನ್ನು ನಡುವೆ ಹಿಡಿದಿರುವ ಎರಡು ಭಾಗಗಳು ಸಡಿಲವಾಗಿವೆ ಎಂದರ್ಥ. ಗಾಳಿ ತೆಗೆದು, ಹಿಂದಿನ ಭಾಗವನ್ನು ಬಟ್ಟೆಯ ಮೇಲಿಂದಲೇ ಬಿಗಿಯಾಗಿ ಹಿಡಿದು, ವಾಲ್ವ್ ಕೀಲಿಯಿಂದ ತಿರುಗಿಸಿದರೆ ಮುಗಿಯಿತು. ಎಷ್ಟೋ ದೋಣಿಗಳ ರಿಪೇರಿ ಇಲ್ಲಿಗೇ ನಿಂತಿದೆ.

ವಾಲ್ವ್ ಸರಿಯಿದ್ದರೆ ಜೋಡಣೆಗಳು, ಅದಾದ ಮೇಲೆ ತಳ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಟ್ಟೆಯ ಕಲ್ಲುಗಳಿಗೆ ಅಂಟಿರುವ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ. ಗೀರಿದ ಜಾಗಗಳನ್ನೆಲ್ಲ ಸೋಪು ನೀರಿನಿಂದ ನೋಡಿ, ಸಿಕ್ಕ ಕೂಡಲೇ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಒರೆಸಿದ ಮೇಲೆ ಆ ಸೂಜಿತೂತು ಮತ್ತೆ ಕಾಣುವುದಿಲ್ಲ.

ಶಿರಸಿಯ ಗೆಳೆಯರೊಬ್ಬರು ಗಾಳಿ ತುಂಬುವ ಕ್ಯಾಂಪಿಂಗ್ ಚಾಪೆ ತಂದು, "ಮಾರಾಯಾ, ಮಲಗುವಾಗ ಗಟ್ಟಿ ಇರ್ತದೆ, ಬೆಳಗಾಗೂದ್ರೊಳಗೆ ಬೆನ್ನು ನೆಲಕ್ಕೆ ತಾಗ್ತದೆ" ಎಂದರು. ಚಾಪೆಗೆ ಸೋಪು ಬೇಡ, ನೀರಿನ ಟಾಂಕಿ ಸಾಕು. ಮುಚ್ಚಳ ಬಿಗಿದು, ಒಂದು ತುದಿಯಿಂದ ಮಡಿಸಿ ಒತ್ತಡ ಏರಿಸಿ ಮುಳುಗಿಸಿದೆವು. ಬಟ್ಟೆಯ ಮೇಲೆಲ್ಲ ಗುಳ್ಳೆಗಳು ಅಂಟಿಕೊಂಡಿರುತ್ತವೆ, ಅವು ಬರೀ ಮೋಸ. ಅಂಗೈಯಿಂದ ಒರೆಸಿಬಿಡಬೇಕು. ಒರೆಸಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಹುಟ್ಟುವ ಗುಳ್ಳೆಯೇ ತೂತು. ಚೆನ್ನಾಗಿ ಒಣಗಿಸಿ, ಗಾಳಿ ಪೂರ್ತಿ ತೆಗೆದು, ಪಾಲಿಯುರಿಥೇನ್ ಸೀಲಂಟ್ ಒಂದು ಹನಿ ಸವರಿ ರಾತ್ರಿಯಿಡೀ ಬಿಟ್ಟೆವು.

ಪಿವಿಸಿ ಪ್ಲಾಸ್ಟಿಕ್ಕಿನ ದೋಣಿಗೆ ಮಾತ್ರ ತೇಪೆಯೇ ಬೇಕು. ಪಂಕ್ಚರ್ ಅಂಗಡಿಯ ಸೊಲ್ಯೂಷನ್ ರಬ್ಬರ್ ಟ್ಯೂಬಿಗೆ ಮಾಡಿದ್ದು, ಪಿವಿಸಿಯನ್ನು ಅದು ಹಿಡಿಯುವುದಿಲ್ಲ. ದಿಢೀರ್ ಅಂಟು ಗಾಜಿನಂತೆ ಒಣಗಿ ದೋಣಿ ಮಡಿಸಿದಾಗ ಬಿರಿಯುತ್ತದೆ. ಗಟ್ಟಿಕಾರಕ ಬೆರೆಸುವ, ಎರಡು ಭಾಗದ ಪಾಲಿಯುರಿಥೇನ್ ಅಂಟು ತನ್ನಿ. ತೇಪೆ ದುಂಡಗಿರಲಿ, ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆ. ತೂತಿನಿಂದ ಎಲ್ಲ ಕಡೆಗೂ 5 ಸೆಂಟಿಮೀಟರ್ ಹರಡಲಿ. ತೇಪೆಗೂ ದೋಣಿಗೂ ತೆಳುವಾಗಿ ಒಂದು ಲೇಪ ಬಳಿದು ಒಣಗಲು ಬಿಡಿ, ಎರಡನೆಯದನ್ನು ಬಳಿದು ಬೆರಳಗೆಣ್ಣಿಗೆ ಜಿಗುಟು ತಾಗಿದರೂ ಎಳೆ ಬಾರದ ಹದಕ್ಕೆ ಕಾದು ಕೂರಿಸಿ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಕಿಟಕಿ ತೆರೆದಿರಲಿ, ಆ ಹಬೆ ಒಳ್ಳೆಯದಲ್ಲ. 24 ತಾಸು ಗಾಳಿ ತುಂಬಬೇಡಿ.

ನಮ್ಮೂರಿನ ಹವೆಯೇ ಈ ಕೆಲಸದ ದೊಡ್ಡ ಶತ್ರು. ದ್ರಾವಕ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗಿ ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ. ಮೊದಲ ದಿನ ಗಟ್ಟಿಯಾಗಿ ಕಾಣುವ ತೇಪೆ ತಿಂಗಳೊಳಗೆ ಸಿಪ್ಪೆಯಂತೆ ಏಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಅಂಟು ಮುಟ್ಟುವುದಿಲ್ಲ. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ತೊಳೆದು, ಪೂರ್ತಿ ಒಣಗಿಸಿ, ಸಡಿಲವಾಗಿ ಸುತ್ತಿ, ಇಲಿ ಹತ್ತದ ಹಾಗೆ ತೂಗುಹಾಕುತ್ತೇನೆ. ತೇಪೆ ಹಾಕುವುದೇನಿದ್ದರೂ ಡಿಸೆಂಬರ್ ಬಂದ ಮೇಲೆ, ಮಂಜು ಆರಿದ ಹಗಲಲ್ಲಿ.