ಟಚ್‌ಪ್ಯಾಡ್ ತಂದಿರಾ? ಮೊದಲು ಎಳೆಯುವುದನ್ನು ಕಲಿಯಿರಿ

ನಮ್ಮ ಭಾವ ಮುಂಬೈಯ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಕಂಪ್ಯೂಟರಿನ ಮುಂದೆ ಅವರಿಗೆ ಸಿಗುವ ಜಾಗ ಒಂದು ಊಟದ ತಟ್ಟೆಯಷ್ಟು. ಒಂದು ಕಡೆ ಸೋಂಪಿನ ಬಟ್ಟಲು, ಇನ್ನೊಂದು ಕಡೆ ಕಾರ್ಡ್ ಮಷೀನ್. ಮೌಸ್ ಸ್ವಲ್ಪ ಬಲಕ್ಕೆ ಸರಿದರೆ ಬಟ್ಟಲಿಗೆ ತಾಗುತ್ತಿತ್ತು. ಎತ್ತಿ ಇಟ್ಟು, ಎತ್ತಿ ಇಟ್ಟು ಕೆಲಸ ಮಾಡಿ ರಾತ್ರಿ ಹೊತ್ತಿಗೆ ಮಣಿಕಟ್ಟು ನೋವು. ನಾನೇ ಹೇಳಿ ಒಂದು ಟಚ್‌ಪ್ಯಾಡ್ ಕೊಡಿಸಿದೆ. ಮೌಸ್ ಬದಲು ಬೆರಳು ಸರಿಸಿ ಪರದೆಯ ಮೇಲಿನ ಬಾಣವನ್ನು (ಕರ್ಸರ್) ಓಡಿಸುವ ಚಪ್ಪಟೆ ಹಲಗೆ ಅದು. ಮೂರನೇ ದಿನ ಹೋಗಿ ನೋಡಿದರೆ ಪ್ಯಾಡ್ ಡ್ರಾಯರಿನಲ್ಲಿ, ಮೌಸ್ ಮತ್ತೆ ಮೇಜಿನ ಮೇಲೆ. ‘ಕ್ಲಿಕ್ಕೆಲ್ಲ ಸರಿ ಮಾರಾಯ, ನಾಲ್ಕು ಸಾಲು ಸೆಲೆಕ್ಟ್ ಮಾಡಲಿಕ್ಕೇ ಆಗುವುದಿಲ್ಲ’ ಅಂದರು.

ಡೊಂಬಿವಲಿ, ಠಾಣೆ ಕಡೆ ಮನೆಯಿಂದ ಕೆಲಸ ಮಾಡುವ ನಮ್ಮವರೂ ಇದೇ ಹಂತದಲ್ಲಿ ಕೈಬಿಟ್ಟದ್ದನ್ನು ನೋಡಿದ್ದೇನೆ. ಹಾಗಾಗಿ ಈ ಲೇಖನದಲ್ಲಿ ಎಳೆಯುವ, ಅಂದರೆ ಡ್ರ್ಯಾಗ್ ಮಾಡುವ ವಿಷಯಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ಕೊಳ್ಳುವಾಗ

ವಿಂಡೋಸ್ ಇದ್ದರೆ ಡಬ್ಬಿಯ ಮೇಲೆ ‘ಪ್ರಿಸಿಷನ್ ಟಚ್‌ಪ್ಯಾಡ್’ ಎಂದು ಬರೆದಿದೆಯೇ ನೋಡಿ. 2013ರಲ್ಲಿ ವಿಂಡೋಸ್ 8.1 ಜೊತೆ ಬಂದ ವ್ಯವಸ್ಥೆ ಇದು. ಇದಿದ್ದರೆ ಬೆರಳಿನ ಲೆಕ್ಕವನ್ನೆಲ್ಲ ವಿಂಡೋಸೇ ನೋಡಿಕೊಳ್ಳುತ್ತದೆ, ನಿಮಗೆ ಬೇಕಾದಂತೆ ಬದಲಾಯಿಸಬಹುದು. ಅಗ್ಗದ ಕೆಲವು ಪ್ಯಾಡ್‌ಗಳು ಕಂಪ್ಯೂಟರಿಗೆ ತಾವು ಮೌಸ್ ಎಂದೇ ಹೇಳಿಕೊಳ್ಳುತ್ತವೆ. ಅಂಥವುಗಳಲ್ಲಿ ಕಂಪನಿ ಇಟ್ಟದ್ದೇ ಗತಿ, ಯಾವುದನ್ನೂ ತಿದ್ದಲು ಆಗುವುದಿಲ್ಲ. ಮುಂಬೈಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಅಂಗಡಿಯಲ್ಲೇ ಹಾಕಿಸಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಟಚ್‌ಪ್ಯಾಡ್’ ಎಂಬ ಪುಟ ಬರದಿದ್ದರೆ ವಾಪಸ್ ಕೊಡಿ. ಲ್ಯಾಪ್‌ಟಾಪ್ ಮೇಲೆ ಪರೀಕ್ಷಿಸಬೇಡಿ, ಅದರದೇ ಪ್ಯಾಡಿನಿಂದಾಗಿ ಆ ಪುಟ ಹೇಗೂ ಇರುತ್ತದೆ.

ಮ್ಯಾಕ್ ಇದ್ದವರು ಆ್ಯಪಲ್‌ನ ಮ್ಯಾಜಿಕ್ ಟ್ರ್ಯಾಕ್‌ಪ್ಯಾಡನ್ನೇ ತೆಗೆದುಕೊಳ್ಳಿ. 2010ರಿಂದ ಇದೆ, ದುಬಾರಿ, ಆದರೆ ಅದಕ್ಕೆ ಸಮ ಇನ್ನೊಂದಿಲ್ಲ. ಅದನ್ನೇ ವಿಂಡೋಸ್‌ಗೆ ಜೋಡಿಸುವ ಆಸೆ ಬೇಡ. ಬೇರೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹುಡುಕಿ ಹಾಕದೆ ಅದರ ಅರ್ಧ ಗುಣವೂ ಸಿಗುವುದಿಲ್ಲ.

ವೈರ್ ಇರುವುದೋ ಬ್ಲೂಟೂತೋ? ಗಲ್ಲಾ, ಆಫೀಸು ಅಂದರೆ ವೈರ್ ಇರುವುದೇ ಸರಿ. ಚಾರ್ಜ್ ಮಾಡುವ ನೆನಪು ಬೇಕಿಲ್ಲ.

2. ಜೋಡಿಸುವುದು

ವೈರ್ ಚುಚ್ಚಿ, ಆಯಿತು. ಬ್ಲೂಟೂತ್ ಆದರೆ ಜೋಡಿಸುವ ತನಕ ಹಳೆ ಮೌಸ್ ಪಕ್ಕದಲ್ಲಿರಲಿ.

3. ಎಲ್ಲಿ ಇಡುವುದು

ಎಲ್ಲರೂ ಮೌಸ್ ಇದ್ದಲ್ಲೇ, ದೂರದ ಬಲಗಡೆಗೆ ಇಡುತ್ತಾರೆ. ಹಾಗಿಟ್ಟರೆ ಮೊಣಕೈ ಗಾಳಿಯಲ್ಲಿ ನಿಂತು ಭುಜ ಹಿಡಿದುಕೊಳ್ಳುತ್ತದೆ. ಕೀಬೋರ್ಡಿನ ಮುಂದೆ, ಸ್ಪೇಸ್‌ಬಾರ್‌ನ ನೇರಕ್ಕೆ ಇಡಿ. ನಂಬರ್ ಕೀಗಳಿರುವ ಉದ್ದದ ಕೀಬೋರ್ಡ್ ಆದರೆ ಅದರ ಮಧ್ಯಭಾಗ ನೋಡಬೇಡಿ, ಸ್ಪೇಸ್‌ಬಾರ್ ನೋಡಿ.

ಲೆಕ್ಕ ಬರೆಯುವವರಿಗೆ ನನ್ನ ಸಲಹೆ ಬೇರೆ: ಎಡಗಡೆಗೆ ಇಡಿ. ಬಲಗೈ ನಂಬರ್ ಕೀಗಳ ಮೇಲೆಯೇ ಇರಲಿ, ಎಡಗೈ ಬಾಣವನ್ನು ಓಡಿಸಲಿ. ನಾಲ್ಕು ದಿನ ಕೈ ತಡವರಿಸುತ್ತದೆ. ಆಮೇಲೆ ಒಂದು ಅಂಕಿ ಹೊಡೆದು ಇನ್ನೊಂದು ಖಾನೆಗೆ ಹೋಗಲು ಬಲಗೈ ಎತ್ತಲೇಬೇಕಿಲ್ಲ.

4. ಸೆಟ್ಟಿಂಗ್ಸ್

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ಬ್ಲೂಟೂತ್ ಆ್ಯಂಡ್ ಡಿವೈಸಸ್’ಗೆ ಹೋಗಿ, ಅಲ್ಲಿ ‘ಟಚ್‌ಪ್ಯಾಡ್’ ಒತ್ತಿ. ಬಾಣದ ವೇಗವನ್ನು ಹೆಚ್ಚಿಸಿ. ಬೆರಳನ್ನು ಒಮ್ಮೆ ಸರಿಸಿದರೆ ಬಾಣ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ‘ಟ್ಯಾಪ್ಸ್’ ಒಳಗಿನ ನಾಲ್ಕೂ ಗುರುತುಗಳು ಇರಲಿ. ಮುಖ್ಯವಾಗಿ ಎರಡು ಸಲ ತಟ್ಟಿ ಎಳೆಯುವ ಆಯ್ಕೆ ಇರಲೇಬೇಕು. ಸ್ಕ್ರೋಲ್ ಉಲ್ಟಾ ಅನಿಸಿದರೆ ದಿಕ್ಕನ್ನೂ ಇಲ್ಲೇ ತಿರುಗಿಸಬಹುದು.

ಮ್ಯಾಕ್‌ನಲ್ಲಿ ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯ ಮೊದಲಿಗೆ ಆಫ್ ಇರುತ್ತದೆ, ಆನ್ ಮಾಡಿ. ಪ್ಯಾಡ್ ಗುರುತಿಸುವುದು ಬೆರಳಿನಿಂದಾಗುವ ಸಣ್ಣ ವಿದ್ಯುತ್ ಬದಲಾವಣೆಯನ್ನು, ಭಾರವನ್ನಲ್ಲ. ಗುದ್ದುವುದು ಬೇಡ, ದೋಸೆ ಕಾವಲಿ ಬಿಸಿ ಆಯಿತಾ ಎಂದು ಮುಟ್ಟಿ ನೋಡುವಷ್ಟು ಸಾಕು.

ಒಂದು ಬೆರಳು ತಟ್ಟಿದರೆ ಕ್ಲಿಕ್, ಎರಡು ಬೆರಳು ಒಟ್ಟಿಗೆ ತಟ್ಟಿದರೆ ರೈಟ್ ಕ್ಲಿಕ್, ಎರಡು ಬೆರಳು ಸರಿಸಿದರೆ ಸ್ಕ್ರೋಲ್. ಇಷ್ಟು ಹತ್ತು ನಿಮಿಷದಲ್ಲಿ ಬರುತ್ತದೆ.

5. ಎಳೆಯುವುದು

ಮೌಸ್‌ನಲ್ಲಿ ಒಂದು ಬೆರಳು ಒತ್ತಿ ಹಿಡಿದಿರುತ್ತದೆ, ಇಡೀ ಕೈ ಸರಿಯುತ್ತದೆ. ಪ್ಯಾಡ್‌ನಲ್ಲಿ ಒತ್ತುವುದೂ ಸರಿಯುವುದೂ ಬೆರಳೇ. ಒಂದೇ ಬೆರಳಿನಿಂದ ಜೋರಾಗಿ ಒತ್ತಿಕೊಂಡು ಉಜ್ಜುತ್ತಾ ಹೋಗುತ್ತೀರಿ, ಚರ್ಮ ಅಂಟುತ್ತದೆ, ಬಾಣ ತಡೆತಡೆದು ಹೋಗುತ್ತದೆ, ಪ್ಯಾಡಿನ ಅಂಚು ಬಂದುಬಿಡುತ್ತದೆ. ಭಾವ ಮಾಡುತ್ತಿದ್ದದ್ದು ಇದನ್ನೇ. ಬೆರಳ ತುದಿ ಬೆಳ್ಳಗಾಗುವಷ್ಟು ಒತ್ತುತ್ತಿದ್ದರು.

ಇದಕ್ಕೆ ಎರಡು ದಾರಿ ಇವೆ.

ದೂರ ಎಳೆಯಬೇಕಾದರೆ ಎರಡು ಬೆರಳುಗಳಿಗೆ ಕೆಲಸ ಹಂಚಿ. ಹೆಬ್ಬೆರಳನ್ನು ಪ್ಯಾಡಿನ ಕೆಳಗಿನ ಎಡ ಮೂಲೆಯಲ್ಲಿ ಇಟ್ಟು ಟಕ್ ಎನ್ನುವಷ್ಟು ಒತ್ತಿ, ಹಾಗೇ ಹಿಡಿದಿರಿ. ಈಗ ತೋರುಬೆರಳಿನಿಂದ ಹಗುರವಾಗಿ ಸರಿಸಿ. ಅಂಚು ಬಂದರೆ ತೋರುಬೆರಳನ್ನು ಮಾತ್ರ ಎತ್ತಿ, ಹಿಂದಕ್ಕೆ ತಂದು, ಮತ್ತೆ ಸರಿಸಿ. ಹೆಬ್ಬೆರಳು ಅಲ್ಲಾಡಬಾರದು. ಅದು ಎದ್ದರೆ ಹಿಡಿದ ವಸ್ತು ಕೈ ತಪ್ಪುತ್ತದೆ. ಒಂದೇ ಕೈಯಲ್ಲಿ ಕಷ್ಟವಾದರೆ ಹೆಬ್ಬೆರಳು ಎಡಗೈಯದು, ತೋರುಬೆರಳು ಬಲಗೈಯದು ಆಗಲಿ. ಪ್ಯಾಡ್ ಮಧ್ಯದಲ್ಲಿದ್ದರೆ ಇದು ತುಂಬ ಆರಾಮ.

ಹತ್ತಿರದ್ದಕ್ಕೆ ತಟ್ಟಿ ಎಳೆಯಿರಿ. ಒಮ್ಮೆ ತಟ್ಟಿ, ತಕ್ಷಣ ಎರಡನೇ ಸಲ ಇಟ್ಟು, ಎತ್ತದೆ ಸರಿಸಿ. ಅಲ್ಲಿ ಬೆರಳು ಎತ್ತಿದರೆ ಬಿಟ್ಟಹಾಗೆ. ತಪ್ಪಾಗುವುದು ನಡುವಿನ ಅಂತರದಲ್ಲಿ. ಯೋಚನೆ ಮಾಡುತ್ತಾ ನಿಧಾನವಾಗಿ ತಟ್ಟಿದರೆ ಕಂಪ್ಯೂಟರ್ ಅದನ್ನು ಬರೀ ಕ್ಲಿಕ್ ಎಂದುಕೊಳ್ಳುತ್ತದೆ. ಬಾಗಿಲು ತಟ್ಟುವಂತೆ ಟಕ್-ಟಕ್ ಲಯದಲ್ಲಿ ತಟ್ಟಿ, ಎರಡನೆಯದನ್ನು ಹಿಡಿದುಕೊಳ್ಳಿ. ಡೆಸ್ಕ್‌ಟಾಪಿನ ಒಂದು ಫೋಲ್ಡರನ್ನು ನಾಲ್ಕು ಮೂಲೆಗೂ ಒಯ್ದು ಇಟ್ಟು ಅಭ್ಯಾಸ ಮಾಡಿ. ಭಾವನಿಗೆ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಸಾಕಾಯಿತು. ಮ್ಯಾಕ್ ಇದ್ದವರಿಗೆ ಇನ್ನೂ ಸುಲಭ. ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ‘ಪಾಯಿಂಟರ್ ಕಂಟ್ರೋಲ್’, ಅದರೊಳಗೆ ‘ಟ್ರ್ಯಾಕ್‌ಪ್ಯಾಡ್ ಆಪ್ಷನ್ಸ್’ಗೆ ಹೋಗಿ ಮೂರು ಬೆರಳಿನಲ್ಲಿ ಎಳೆಯುವುದನ್ನು ಆನ್ ಮಾಡಿ. ನಾನಾದರೆ ಮೊದಲ ದಿನವೇ ಮಾಡುತ್ತೇನೆ.

ಇನ್ನೊಂದು ಮಾತು: ಎಷ್ಟೋ ಕಡೆ ಎಳೆಯುವ ಅಗತ್ಯವೇ ಇಲ್ಲ. ನಾಲ್ಕು ಸಾಲು ಬೇಕಾದರೆ ಮೊದಲ ಸಾಲಿನಲ್ಲಿ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯಲ್ಲಿ ಕ್ಲಿಕ್ ಮಾಡಿ. ನಡುವಿನದೆಲ್ಲ ಸೆಲೆಕ್ಟ್ ಆಗುತ್ತದೆ. ಎಕ್ಸೆಲ್‌ನಲ್ಲಿ ಒಂದು ಸೂತ್ರವನ್ನು ಕೆಳಗಿನ ಖಾನೆಗಳಿಗೆ ಇಳಿಸಲು ಮೂಲೆ ಹಿಡಿದು ಎಳೆಯಬೇಡಿ, ಹೀಗೆ ಸೆಲೆಕ್ಟ್ ಮಾಡಿ ಕಂಟ್ರೋಲ್-ಡಿ ಒತ್ತಿ. ಫೈಲ್ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಂಟ್ರೋಲ್-ಎಕ್ಸ್, ಕಂಟ್ರೋಲ್-ವಿ. ಭಾವನ ಕಣ್ಣು ಅರಳಿದ್ದು ಆ ಶಿಫ್ಟ್ ನೋಡಿದಾಗಲೇ.

6. ಬಾಣ ಕುಣಿದರೆ

ಬಾಣ ತನ್ನಷ್ಟಕ್ಕೆ ನಡುಗಿದರೆ ಮೊದಲು ಪ್ಲಗ್ ನೋಡಿ. ಲ್ಯಾಪ್‌ಟಾಪಿನ ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ಅಡಾಪ್ಟರಿಗೆ ಸಿಕ್ಕಿಸಿದ್ದೀರಾ? ಅರ್ಥಿಂಗ್ ಇಲ್ಲದಿದ್ದರೆ ಹೀಗಾಗಬಹುದು. ಚಾರ್ಜರ್ ಕಿತ್ತಾಗ ನಡುಕ ನಿಂತರೆ ದೋಷ ಪ್ಯಾಡಿನದಲ್ಲ. ವೈರ್‌ಲೆಸ್ ಪ್ಯಾಡಿನ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಸಣ್ಣ ರಿಸೀವರ್) ಯುಎಸ್‌ಬಿ 3 ಪೋರ್ಟಿನಲ್ಲಿದ್ದು ಸಿಗ್ನಲ್ ತಪ್ಪುತ್ತಿದ್ದರೆ ಅದನ್ನು ಬೇರೆ ಪೋರ್ಟಿಗೆ ಹಾಕಿ, ಇಲ್ಲವೇ ಒಂದು ಸಣ್ಣ ಎಕ್ಸ್‌ಟೆನ್ಷನ್ ವೈರಿನಲ್ಲಿ ದೂರ ಇಡಿ.

ಜೂನ್ ಬಂತೆಂದರೆ ಮುಂಬೈಯಲ್ಲಿ ಒದ್ದೆಯ ಕಾಟ. ಒಂದು ಹನಿ ನೀರನ್ನೂ ಪ್ಯಾಡ್ ಬೆರಳೆಂದು ತಿಳಿಯಬಹುದು. ಗಿರಾಕಿಯ ಛತ್ರಿಯಿಂದ ಬಿದ್ದದ್ದಿರಲಿ, ಬೆವರಿನದ್ದಿರಲಿ, ಒರೆಸಿ. ಪೌಡರ್ ಹಾಕಬೇಡಿ, ಒಣ ಹತ್ತಿ ಬಟ್ಟೆ ಸಾಕು. ಸೋಂಪಿನ ಬಟ್ಟಲಿನ ಪಕ್ಕ ಈಗ ಹಳೆ ಬನಿಯನ್ನಿನ ಒಂದು ತುಂಡು ಇದೆ. ಭಾವ ಚಿಲ್ಲರೆ ಕೊಟ್ಟು, ಬೆರಳು ಒರೆಸಿಕೊಂಡೇ ಪ್ಯಾಡ್ ಮುಟ್ಟುತ್ತಾರೆ.