ಕೊಡಗಿನ ಮನೆಯಲ್ಲಿ ಸೋಫಾ, ಜಮಖಾನ, ಜಗಲಿಯ ಕುರ್ಚಿ ಜೋಡಿಸುವುದು ಹೇಗೆ

ಸೋಫಾ ಎಲ್ಲಿಡಬೇಕು ಅಂತ ಯೋಚಿಸುವ ಮೊದಲು ಗೋಡೆಗಳನ್ನು ಒಂದು ಸುತ್ತು ನೋಡಿ. ಮಳೆಗಾಲವಾದರೆ ಅಂಗೈ ಇಟ್ಟು ನೋಡಿ, ಯಾವ ಗೋಡೆ ತಣ್ಣಗೆ ಒದ್ದೆಯಾಗಿದೆ ಅಂತ ಗೊತ್ತಾಗುತ್ತದೆ. ಬೇಸಿಗೆಯಾದರೆ ಬಣ್ಣ ಉಬ್ಬಿದ ಜಾಗ, ಪುಡಿ ಉದುರುವ ಜಾಗ, ಕಪ್ಪು ಚುಕ್ಕೆ ಹುಡುಕಿ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಹೆಚ್ಚಾಗಿ ಅದು ಪಶ್ಚಿಮದ ಅಥವಾ ನೈಋತ್ಯದ ಗೋಡೆಯೇ ಆಗಿರುತ್ತದೆ. ಮುಂಗಾರಿನ ಗಾಳಿ ಬೀಸುವುದೇ ಆ ಕಡೆಯಿಂದ, ಅಲ್ವಾ? ಅಲ್ಲಿಗೆ ಸೋಫಾ ಒತ್ತಿಟ್ಟರೆ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಬಟ್ಟೆಯೆಲ್ಲ ಬೂಷ್ಟು ಹಿಡಿದಿರುತ್ತದೆ. ಮುಂದೆ ಕೂತವರಿಗೆ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ.

ಹಾಗಾಗಿ ಆ ಗೋಡೆಯ ಕಡೆ ಬಟ್ಟೆ ಹೊದಿಸಿದ ಯಾವುದನ್ನೂ ಇಡಬೇಡಿ. ಮರದ ಬೆಂಚು, ಹೊದಿಕೆಯಿಲ್ಲದ ಟೇಬಲ್, ಇಲ್ಲವೇ ಖಾಲಿ ಜಾಗ, ಅಷ್ಟೇ ಸಾಕು. ಬೇರೆ ದಾರಿಯೇ ಇಲ್ಲ ಅಂದರೆ ಗೋಡೆಯಿಂದ ಕನಿಷ್ಠ ನಾಲ್ಕು ಇಂಚು ಬಿಟ್ಟು ಇಡಿ. ಅಡಿಯಲ್ಲಿ ಪೊರಕೆ ಹೋಗುವಷ್ಟು ಎತ್ತರದ ಕಾಲಿರುವ ಸೋಫಾ ತಗೊಳ್ಳಿ. ಗಾಳಿ ಆಡುವುದಕ್ಕೆ ಅದು ಬೇಕೇ ಬೇಕು. ನೆಲಕ್ಕೆ ಕೂತುಬಿಡುವ, ಹೊಟ್ಟೆಯೊಳಗೆ ಬಟ್ಟೆ ತುಂಬಿಸುವ ದಿವಾನ್ ನಮ್ಮ ಮಳೆಗೆ ಆಗಿಬರುವುದಿಲ್ಲ.

ಗೋಡೆಯ ಲೆಕ್ಕ ಮುಗಿದ ಮೇಲೆ ಜನರ ಲೆಕ್ಕ. ನಮ್ಮಲ್ಲಿ ಹಾಲ್ ಅಂದರೆ ನೆಂಟರು ಬಂದು ಗಂಟೆಗಟ್ಟಲೆ ಮಾತಾಡುವ ಜಾಗ. ಆದರೂ ಎಷ್ಟೋ ಮನೆಗಳಲ್ಲಿ ಕುರ್ಚಿಗಳನ್ನೆಲ್ಲ ನಾಲ್ಕು ಗೋಡೆಗೆ ಸಾಲಾಗಿ ಒರಗಿಸಿ, ನಡುವೆ ಮೈದಾನದಷ್ಟು ಜಾಗ ಬಿಟ್ಟಿರುತ್ತಾರೆ. ಎದುರು ಕೂತವರ ಮಾತು ಕೇಳಬೇಕಾದರೆ ಕೂಗಬೇಕು, ಅದರ ಮೇಲೆ ಹೆಂಚಿಗೋ ಶೀಟಿಗೋ ಬೀಳುವ ಮಳೆಯ ಸದ್ದು ಬೇರೆ. ಕೂರುವ ಜಾಗಗಳನ್ನು ಒಳಕ್ಕೆ ಎಳೆಯಿರಿ. ಎದುರೆದುರು ಕೂತವರ ನಡುವೆ ಎಂಟು ಅಡಿಗಿಂತ ಜಾಸ್ತಿ ದೂರ ಬೇಡ. ಸೋಫಾದ ಅಂಚಿನಿಂದ ಟೀಪಾಯಿಗೆ ಹದಿನಾರರಿಂದ ಹದಿನೆಂಟು ಇಂಚು ಇರಲಿ, ಕಾಫಿ ಲೋಟ ಕೈಗೆ ಸಿಗುತ್ತದೆ, ಮೊಣಕಾಲಿಗೂ ತಾಗುವುದಿಲ್ಲ. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಮೂರು ಅಡಿ ಬಿಡಿ. ತಟ್ಟೆ ಹಿಡಿದು ಬರುವವರು ಯಾರ ಕಾಲನ್ನೂ ದಾಟಬಾರದು. 43 ಇಂಚಿನ ಟಿವಿಗೆ ಆರೇಳು ಅಡಿ ದೂರ ಕೂತರೆ ಕಣ್ಣಿಗೆ ಹಿತ. ಬೆಂಕಿಗೂಡು ಇರುವ ಮನೆಯಾದರೆ ಕುರ್ಚಿಗಳ ಮುಖ ಅದರ ಕಡೆಗೇ ಇರಲಿ, ಟಿವಿ ಪಕ್ಕಕ್ಕೆ ಹೋಗಲಿ. ಆದರೆ ಬೆಂಕಿಯಿಂದ ಮೂರು ಅಡಿಯೊಳಗೆ ಜಮಖಾನವಾಗಲಿ ಪರದೆಯಾಗಲಿ ಇರಲೇಬಾರದು.

ಭಾರದ ಬೀಟೆ ಸೋಫಾವನ್ನು ಹತ್ತು ಸಲ ಎತ್ತಿಡುವ ಬದಲು ಹಳೆಯ ಪೇಪರ್ ಹಾಳೆಗಳನ್ನು ಸೋಫಾದ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ ನೋಡಿ. ಒಂದೆರಡು ದಿನ ಅದರ ಸುತ್ತಲೇ ಓಡಾಡಿ. ಎಲ್ಲಿ ತುಳಿಯುತ್ತೀರೋ ಅಲ್ಲಿ ಜಾಗ ಸಾಲದು ಅಂತ ಅರ್ಥ.

ಈಗ ಜಮಖಾನ, ಕಾರ್ಪೆಟ್ಟು. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ಅಂದರೆ ಚಿಕ್ಕದನ್ನು ತಂದು ಟೀಪಾಯಿ ಅಡಿಗೆ ಮಾತ್ರ ಹಾಸುವುದು. ಸೋಫಾದ ಮುಂದಿನ ಎರಡು ಕಾಲು, ಕುರ್ಚಿಗಳ ಮುಂದಿನ ಕಾಲು ಅದರ ಮೇಲೆ ಬರಬೇಕು. ಆಗ ಎಲ್ಲ ಒಂದೇ ಗುಂಪಾಗಿ ಕಾಣುತ್ತದೆ. ಸಾಧಾರಣ ಹಾಲಿಗೆ ಐದು ಅಡಿ ಅಗಲ, ಎಂಟು ಅಡಿ ಉದ್ದ ಸಾಕಾಗಬಹುದು, ದೊಡ್ಡದಕ್ಕೆ ಎಂಟಕ್ಕೆ ಹತ್ತು. ಸುತ್ತಲೂ ಸುಮಾರು ಒಂದು ಅಡಿ ನೆಲ ಕಾಣಲಿ. ಹಳೆಯ ಮನೆಯ ಕೆಂಪು ರೆಡ್ ಆಕ್ಸೈಡ್ ನೆಲ ಎಷ್ಟು ಚಂದ, ಅದನ್ನು ಪೂರ್ತಿ ಮುಚ್ಚುವುದು ನನಗೆ ಸಂಕಟ.

ಯಾವ ಬಗೆಯದು ಅನ್ನುವುದು ಅದಕ್ಕಿಂತ ಮುಖ್ಯ. ಸೆಣಬಿನದು ಬೇಡ. ಅದು ತೇವ ಹೀರಿಕೊಳ್ಳುತ್ತದೆ, ಬೇಗ ಒಣಗುವುದೇ ಇಲ್ಲ, ಕಪ್ಪಾಗುತ್ತದೆ. ದಪ್ಪ ಉಣ್ಣೆಯದು ಚಳಿಗೆ ಬೆಚ್ಚಗಿರುತ್ತದೆ, ಆದರೆ ಮಳೆಗಾಲದಲ್ಲಿ ಒಣಗಿಸುವುದು ಕಷ್ಟ, ನುಸಿಯ ಕಾಟವೂ ಉಂಟು. ನಾನು ಹೇಳುವುದು ಹತ್ತಿಯ ಜಮಖಾನ. ತೆಳ್ಳಗಿರುತ್ತದೆ, ಒಗೆಯಬಹುದು, ಒಬ್ಬರೇ ಎತ್ತಬಹುದು. ಧಾರವಾಡ ಜಿಲ್ಲೆಯ ನವಲಗುಂದದ ಹೆಣ್ಣುಮಕ್ಕಳು ನೇಯುವ ಜಮಖಾನ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದದ್ದು. ಕೆಂಪು ನೆಲದ ಮೇಲೆ ಅದರ ಬಣ್ಣ ನಿಜಕ್ಕೂ ಎದ್ದು ಕಾಣುತ್ತದೆ.

ಮಳೆ ಹಿಡಿದಾಗ ನೆಲ ಬೆವರುತ್ತದೆ, ಅದು ನಿಮಗೂ ಗೊತ್ತು. ಬೆವರಿದ ನೆಲದ ಮೇಲೆ ಸಡಿಲ ಜಮಖಾನ ಜಾರುತ್ತದೆ. ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಸುಮ್ನೆ ಬಿಡಬೇಡಿ. ಅಡಿಗೆ ಜಾಲರಿಯಂಥ ಜಾರದ ಮ್ಯಾಟ್ ಹಾಕಿ. ಪೂರ್ತಿ ರಬ್ಬರ್ ಬೆನ್ನಿನದು ಬೇಡ, ತೇವ ಹಿಡಿದಿಟ್ಟು ನೆಲದಲ್ಲಿ ಕಲೆ ಮಾಡುತ್ತದೆ. ಇನ್ನೂ ಒಳ್ಳೆಯದು ಏನೆಂದರೆ ಮೇ ತಿಂಗಳ ಒಳ್ಳೆ ಬಿಸಿಲಿಗೆ ಎರಡೂ ಮಗ್ಗುಲು ಒಣಗಿಸಿ, ಸುರುಳಿ ಸುತ್ತಿ, ಹಳೆಯ ಹತ್ತಿ ಬೆಡ್‌ಶೀಟಿನಲ್ಲಿ ಕಟ್ಟಿ ಎತ್ತರದಲ್ಲಿ ಇಟ್ಟುಬಿಡುವುದು. ಸುರುಳಿಯೊಳಗೆ ಒಣ ಬೇವಿನ ಎಲೆ ಹಾಕಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ. ಕುಶಾಲನಗರದ ಕಡೆಯವರಿಗೆ ಇಷ್ಟೆಲ್ಲ ಬೇಕಿಲ್ಲ, ಅಲ್ಲಿ ಮಳೆ ತುಂಬ ಕಡಿಮೆ.

ಜಗಲಿಯ ವಿಷಯಕ್ಕೆ ಬಂದರೆ ಐನ್‌ಮನೆಗಳನ್ನು, ಅಂದರೆ ಕೊಡವ ಕುಟುಂಬಗಳ ಹಿರಿಯರ ಮೂಲಮನೆಗಳನ್ನು, ನೋಡಿ ಕಲಿಯುವುದು ಬಹಳ ಇದೆ. ಹೆಚ್ಚಿನವು ಪೂರ್ವಕ್ಕೆ ಮುಖ ಮಾಡಿರುತ್ತವೆ, ಅಂದರೆ ಮುಂಗಾರಿನ ಎರಚಲಿಗೆ ಮನೆಯೇ ಬೆನ್ನು ಕೊಟ್ಟಿರುತ್ತದೆ, ಮುಂದಿನ ಕಯ್ಯಾಲೆ (ಜಗಲಿ) ಮಳೆಯಲ್ಲೂ ಕೂರುವ ಹಾಗಿರುತ್ತದೆ. ಕಂಬಗಳ ನಡುವೆ ಐಮರ, ದಪ್ಪ ಮರದ ಹಲಗೆ, ಅದೇ ಆಸನ. ಬಟ್ಟೆಯಿಲ್ಲ, ಕುಶನ್ ಇಲ್ಲ, ಒರಸಿದರೆ ಮುಗಿಯಿತು. ಹೊಸ ಮನೆ ಕಟ್ಟುವವರು ಸಿಟ್‌ಔಟಿನಲ್ಲಿ ಇಂಥ ಒಂದು ಹಲಗೆ ಹಾಕಿಸಿಕೊಂಡರೆ ಅರ್ಧ ಫರ್ನಿಚರ್ ಖರ್ಚು ಉಳಿಯುತ್ತದೆ.

ನಿಮ್ಮ ಜಗಲಿ ಪಶ್ಚಿಮಕ್ಕಿದ್ದರೆ ಗಾಳಿ ಮಳೆ ಜೋರಾಗಿ ಹೊಡೆದ ದಿನ ನೆಲ ಎಲ್ಲಿಯವರೆಗೆ ಒದ್ದೆಯಾಯಿತು ಅಂತ ಸೀಮೆಸುಣ್ಣದಿಂದ ಗೆರೆ ಹಾಕಿಡಿ. ಕುರ್ಚಿಗಳು ಗೆರೆಯ ಒಳಗೆ, ಗಿಡದ ಕುಂಡಗಳು ಹೊರಗೆ. ಬೆತ್ತದ ಕುರ್ಚಿಗೆ ಬೇಗ ಬೂಷ್ಟು ಬರುತ್ತದೆ, ಜೂನ್‌ಗೆ ಮೊದಲು ಒಳಗೆ ತನ್ನಿ. ತೇಗದ್ದು ಹೊರಗೆ ತಡೆಯುತ್ತದೆ. ಕಬ್ಬಿಣದ ಕಾಲಿಗೆ ರಬ್ಬರ್ ಬುಷ್ ಹಾಕಿ, ಇಲ್ಲದಿದ್ದರೆ ತುಕ್ಕಿನ ಉಂಗುರ ನೆಲದಲ್ಲೇ ಉಳಿಯುತ್ತದೆ. ಹೊರಗೆ ಹಾಸುವುದಕ್ಕೆ ಪಾಲಿಪ್ರೊಪಿಲೀನ್ ಮ್ಯಾಟ್ ಸರಿ. ಅದು ಬೇಗ ಒಣಗುತ್ತದೆ, ಆದರೆ ಅಡಿಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಒದ್ದೆಯಾದ ದಿನ ಎತ್ತಿ ಕಂಬಿಗೆ ನೇತುಹಾಕಿ.

ತೋಟದಿಂದ ಬರುವವರಿಗೆ ಬೇರೆಯೇ ಮೂಲೆ ಮಾಡಿ. ಪಕ್ಕದ ಬಾಗಿಲ ಹತ್ತಿರ ಒಂದು ಗಟ್ಟಿ ಬೆಂಚು, ಗಂಬೂಟ್ ಕಳಚಲು ಜಾಗ, ಕೊಡೆ ನಿಲ್ಲಿಸಲು ಅಡಿಯಲ್ಲಿ ನೀರು ಹರಿಯುವ ಸ್ಟ್ಯಾಂಡ್, ತೆಂಗಿನ ನಾರಿನ ಒರಟು ಕಾಲೊರಸು. ಕಾಲಿಗೆ ಹತ್ತಿದ ಜಿಗಣೆಯನ್ನು ಅಲ್ಲೇ ನೋಡಿ ತೆಗೆಯಬಹುದು, ಸೋಫಾವರೆಗೆ ಬರುವುದಿಲ್ಲ. ಮನೆ ಮುಂದೆಯೇ ಕಣ ಇದ್ದು ಅಲ್ಲೇ ಕಾಫಿ ಒಣಗಿಸುವವರು ಡಿಸೆಂಬರ್‌ನಿಂದ ಕೆಲವು ತಿಂಗಳು ಅಂಗಳದಲ್ಲಿ ಏನೂ ಇಡಬೇಡಿ, ಕುಶನ್‌ಗಳನ್ನೂ ಒಳಗಿಡಿ. ಧೂಳು ಕೂತರೆ ಹೋಗುವುದಿಲ್ಲ.

ಉಯ್ಯಾಲೆ ಹಾಕುವ ಆಸೆ ಇದ್ದರೆ ಕೊಂಡಿಯನ್ನು ತೊಲೆಗೇ ಹಾಕಿಸಿ, ಸೀಲಿಂಗ್ ಹಲಗೆಗೆ ಬೇಡ. ಹಿಂದೆ ಮುಂದೆ ಮೂರು ಮೂರು ಅಡಿ ಖಾಲಿ ಬಿಡಿ, ಅದರ ಅಡಿಗೆ ಮಾತ್ರ ಯಾವ ಹಾಸೂ ಬೇಡ. ಕಾಲು ಒತ್ತಿ ತೂಗುವಾಗ ಜರುಗಿ ಮುದುಡುತ್ತದೆ.