ಮೊದಲು ಮೇಜು, ಆಮೇಲೆ ಗಾಡಿ

ಗಾಡಿಯಲ್ಲೇ ವಾಸವಿದ್ದು ಅಲ್ಲಿಂದಲೇ ಕೆಲಸ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹಾಸಿಗೆಯ ಅಳತೆ ಹಿಡಿಯುತ್ತಾರೆ. ನಾನೂ ಹಾಗೆಯೇ ಆರಂಭಿಸಿದ್ದೆ. ಪಾಂಡವಪುರ ತಾಲ್ಲೂಕಿನವನಾದ ನಾನು ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು, ದಿನಕ್ಕೆ ಎಂಟು ಗಂಟೆ ಲ್ಯಾಪ್‌ಟಾಪಿನ ಮುಂದೆ ತಂತ್ರಾಂಶ ಪರೀಕ್ಷೆಯ ಕೆಲಸ ಮಾಡುತ್ತಿದ್ದೆ. ಮಲಗುವುದಕ್ಕೆ ಎಂತಹ ಗಾಡಿಯಲ್ಲಾದರೂ ಜಾಗ ಮಾಡಿಕೊಳ್ಳಬಹುದು. ಎಂಟು ಗಂಟೆ ಬೆನ್ನು ನೆಟ್ಟಗಿಟ್ಟು ಕೂರುವ ಜಾಗವನ್ನು ಗಾಡಿ ಕೊಂಡ ಮೇಲೆ ಹುಡುಕಲು ಹೊರಟರೆ ಸಿಗುವುದಿಲ್ಲ. ಇದು ಅರ್ಥವಾಗುವುದಕ್ಕೆ ನನಗೆ ಮೂರು ತಿಂಗಳು ಬೇಕಾಯಿತು.

ನನ್ನ ಮೊದಲ ಆಸೆ ಪಿಕಪ್ ಟ್ರಕ್ಕಿನ ಹಿಂದೆ ವಾಸದ ಟ್ರೈಲರ್ ಕಟ್ಟಿಕೊಳ್ಳುವುದಾಗಿತ್ತು. ಟ್ರೈಲರನ್ನು ತೋಟದಲ್ಲಿ ಬಿಟ್ಟು ಪಿಕಪ್ಪಿನಲ್ಲಿ ಸಂತೆಗೆ ಹೋಗಿ ಬರಬಹುದೆಂಬ ಅನುಕೂಲ ನಿಜವೇ. ಆದರೆ ಟ್ರೈಲರಿಗೆ ಪ್ರತ್ಯೇಕ ನೋಂದಣಿ ಬೇಕು, ಅದನ್ನು ನಮ್ಮ ಊರಿನ ಓಣಿಗಳಲ್ಲಿ ರಿವರ್ಸ್ ತೆಗೆಯಬೇಕು, ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ಹೊತ್ತು ಎರಡೆರಡು ಟ್ರೈಲರ್ ಎಳೆದುಕೊಂಡು ಎದುರಿಗೆ ಬರುವ ಟ್ರ್ಯಾಕ್ಟರುಗಳಿಗೆ ದಾರಿ ಬಿಡಬೇಕು. ನಾಲ್ಕು ಬಾಗಿಲಿನ ಪಿಕಪ್ಪುಗಳ ಹಿಂದಿನ ತೊಟ್ಟಿಯಾದರೋ ಸುಮಾರು ಐದು ಅಡಿ ಉದ್ದ ಮಾತ್ರ. ಅಲ್ಲಿ ಮೇಜು ಹಾಕಿದರೆ ಕಾಲಿಗೆ ಜಾಗವಿಲ್ಲ. ಹೀಗಾಗಿ ಪಿಕಪ್ಪಿನ ಯೋಚನೆ ಬಿಟ್ಟು, ನಮ್ಮವರೆಲ್ಲ ಟಿಟಿ ಎಂದು ಕರೆಯುವ ಟೆಂಪೋ ಟ್ರಾವೆಲರಿನ ಕಡೆಗೆ ತಿರುಗಿದೆ.

ಫೋರ್ಸ್ ಕಂಪನಿಯ ಟ್ರಾವೆಲರಿನಲ್ಲಿ 3350, 3700, 4020 ಎಂಬ ಅಂಕಿಗಳಿರುತ್ತವೆ. ಇವು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಹೇಳುತ್ತವೆ. ಪರಿಚಯದವರೊಬ್ಬರ 3350ರ ಒಳಗಳತೆಯನ್ನು ಟೇಪಿನಲ್ಲಿ ಹಿಡಿದುಕೊಂಡು ಬಂದು, ಊರಿನ ಮನೆಯ ಅಂಗಳದಲ್ಲಿ ಅಮ್ಮನ ರಂಗೋಲಿ ಪುಡಿಯಿಂದ ಅದೇ ಅಳತೆಯ ಚೌಕಟ್ಟನ್ನು ಬರೆದೆ. ಅದರೊಳಗೆ 90 ಸೆಂಟಿಮೀಟರ್ ಅಗಲದ ಮೇಜು, ಕುರ್ಚಿ, ಚಾಪೆ, ಗ್ಯಾಸ್ ಒಲೆ ಎಲ್ಲವನ್ನೂ ಇಟ್ಟು, ಬೆಳಿಗ್ಗೆಯಿಂದ ಸಂಜೆಯವರೆಗೆ ಗೆರೆ ದಾಟದೆ ಕೆಲಸ ಮಾಡಿದೆ. ಕಾಫಿ ತಂದುಕೊಟ್ಟ ಅಮ್ಮ, "ಕಾಲು ಚಾಚಕ್ಕೆ ಜಾಗ ಎಲ್ಲೈತೆ ಮಗ?" ಎಂದು ಕೇಳಿದರು. ನೋಡಿದರೆ, ಹಾಸಿಗೆಯನ್ನು ಶಾಶ್ವತವಾಗಿ ಹಾಸಿಟ್ಟಿದ್ದೇ ತೊಂದರೆಯಾಗಿತ್ತು. ಹಗಲು ಮಡಚಿಡುವ ಹಾಸಿಗೆ ಎಂದುಕೊಂಡು ಗೆರೆ ಅಳಿಸಿ ಮತ್ತೆ ಬರೆದಾಗ 3350 ಸಾಕಾಯಿತು. ಉದ್ದದ ಗಾಡಿ ಬೇಕಾಗಲಿಲ್ಲ. ಎತ್ತರದ ವಿಷಯದಲ್ಲಿ ಒಂದು ಎಚ್ಚರ ಬೇಕು: ಚಾವಣಿಗೆ ಶಾಖ ತಡೆಯುವ ಫೋಮ್ ಮತ್ತು ಅದರ ಮೇಲೆ ಪ್ಲೈವುಡ್ ಹಾಕಿದರೆ ನಾಲ್ಕೈದು ಸೆಂಟಿಮೀಟರ್ ಹೋಗುತ್ತದೆ, ಆದ್ದರಿಂದ ಬರಿಯ ಗಾಡಿಯಲ್ಲಿ ತಲೆ ತಾಗದಿದ್ದರೆ ಸಾಲದು.

ಕಾಗದಪತ್ರದ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹಳದಿ ಬೋರ್ಡಿನ ಹಳೆಯ ಟಿಟಿಯೊಂದಕ್ಕೆ, "ಆರ್‌ಸಿ ಆಮೇಲೆ ಮಾಡಿಸಿದರಾಯಿತು" ಎಂಬ ಮಾರಾಟಗಾರರ ಮಾತು ನಂಬಿ ಮುಂಗಡ ಕೊಟ್ಟು ಕಳೆದುಕೊಂಡೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ನಮಗೆ ಬೇಕಾದಂತೆ ಮಾರ್ಪಡಿಸುವಂತಿಲ್ಲ. ವಾಸದ ಗಾಡಿಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆ ಮಾನದಂಡದ ಪ್ರಮಾಣಪತ್ರವಿರುವ ಬಾಡಿ ಬಿಲ್ಡರರನ್ನೇ ಹಿಡಿದು, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂದು ಬಿಳಿ ಬೋರ್ಡಿನಲ್ಲಿ ನೋಂದಾಯಿಸಿದೆ. ವಿಮೆಯೂ ಅದೇ ವಿವರದ ಮೇಲೆ ನಿಲ್ಲುವುದರಿಂದ ಇಲ್ಲಿ ಅಡ್ಡದಾರಿ ಹಿಡಿಯಬಾರದೆಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ವಿದ್ಯುತ್ತಿನ ಲೆಕ್ಕವನ್ನೂ ಮೇಜಿನಿಂದಲೇ ಹಾಕಿದೆ. ಲ್ಯಾಪ್‌ಟಾಪ್, ಇನ್ನೊಂದು ಪರದೆ, ರೌಟರ್, ಫ್ಯಾನು, ಸಣ್ಣ ಫ್ರಿಜ್ಜು ಸೇರಿ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಆಯಿತು. ಮನೆಗಳ ಇನ್ವರ್ಟರಿಗಿರುವ 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯಸ್ಸು ಕುಗ್ಗುತ್ತದೆ. ಹಾಗಾಗಿ ಒಂದರಿಂದ ಸಿಗುವುದು ಒಂದು ಯೂನಿಟ್ಟಿಗೂ ಕಡಿಮೆ, ತೂಕ ಮಾತ್ರ 50 ಕೆಜಿಗೂ ಹೆಚ್ಚು. 200 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಹಿಡಿಯುತ್ತದೆ, ತೂಕ ಅದರ ಅರ್ಧದಷ್ಟೂ ಇಲ್ಲ. ದುಬಾರಿಯಾದರೂ ಅದನ್ನೇ ಹಾಕಿಸಿದೆ. ಚಾವಣಿಯ 400 ವಾಟಿನ ಸೋಲಾರ್ ಫಲಕಗಳು ಮಾರ್ಚಿನ ಬಿಸಿಲಿನಲ್ಲಿ ಆ ದಿನದ ಖರ್ಚನ್ನು ಅಂದೇ ತುಂಬುತ್ತವೆ. ಆಷಾಢದ ಮೋಡದಲ್ಲಿ ಅರ್ಧವೂ ಬರುವುದಿಲ್ಲ. ಆಗ ಗಾಡಿ ಓಡುವಾಗ ಎಂಜಿನ್ನಿನಿಂದ ತಿರುಗಿ ವಿದ್ಯುತ್ ಕೊಡುವ ಆಲ್ಟರ್ನೇಟರಿನಿಂದ ಬ್ಯಾಟರಿ ತುಂಬಿಸುವ ಡಿಸಿ ಚಾರ್ಜರ್ ನೆರವಾಗುತ್ತದೆ. ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಚಾರ್ಜ್ ಮಾಡುವುದು ಬೇಡ, ಬಿಎಸ್-6 ಹೊಗೆ ನಿಯಮದ ಡೀಸೆಲ್ ಗಾಡಿಗಳ ಮಸಿ ಸೋಸುವ ಫಿಲ್ಟರ್ ಅದರಿಂದ ಕಟ್ಟಿಕೊಳ್ಳುತ್ತದೆ. ತಗಡಿನ ಮೈ ಮೊಬೈಲ್ ಸಿಗ್ನಲನ್ನು ತಡೆಯುವುದರಿಂದ ರೌಟರಿನ ಆಂಟೆನಾವನ್ನು ಚಾವಣಿಯ ಹೊರಗೆ ಕೂರಿಸಿ, ಬೇರೆ ಬೇರೆ ಕಂಪನಿಗಳ ಎರಡು ಸಿಮ್ ಹಾಕಿದ್ದೇನೆ. ಮೇಲುಕೋಟೆಯ ಬೆಟ್ಟದ ಮಗ್ಗುಲಲ್ಲಿ ಒಂದು ಸೋತಾಗ ಇನ್ನೊಂದು ಹಿಡಿಯುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಮಂಡ್ಯದ ಹತ್ತಿರ ಕಬ್ಬಿನ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋಗಿ, ಮೊದಲು ಮುಂದಿನ ಚಕ್ರಗಳನ್ನು ಮಾತ್ರ, ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ತೂಗಿಸಿದೆ. ಹಿಂದಿನ ಆಕ್ಸಲ್ಲಿಗೆ, ಅಂದರೆ ಹಿಂದಿನ ಚಕ್ರಗಳ ಅಚ್ಚಿಗೆ, ತಯಾರಕರು ಗೊತ್ತುಪಡಿಸಿದ ಮಿತಿಗೆ 60 ಕೆಜಿ ಮಾತ್ರ ಉಳಿದಿತ್ತು, ಅದೂ 100 ಲೀಟರಿನ ನೀರಿನ ಟ್ಯಾಂಕು ಖಾಲಿಯಿದ್ದಾಗ. ಟ್ಯಾಂಕು ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದ್ದುದರಿಂದ ತುಂಬಿಸಿದರೆ ಮಿತಿ ಮೀರುವುದು ಖಚಿತವಾಗಿತ್ತು. ಅದನ್ನು ಬಿಚ್ಚಿಸಿ ಚಾಲಕನ ಸೀಟಿನ ಬೆನ್ನಿಗೆ ಕೂರಿಸಿ, ಮರುವಾರ ನೀರು ತುಂಬಿಸಿಕೊಂಡೇ ಮತ್ತೆ ತೂಗಿಸಿದಾಗ ಎರಡೂ ಆಕ್ಸಲ್ಲುಗಳು ಮಿತಿಯೊಳಗೆ ಬಂದವು. ಅಂದೇ ಸಂಜೆ ಬಾಡಿಗೆ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿದೆ.